ಮೊದಲು ಮನುಷ್ಯರು, ಹೆಸರಿನ ಅರ್ಥ ಆಮೇಲೆ: ಆಕ್ರಾಯ್ಡ್ ಮನೆತನದ ಬೇರು ಹುಡುಕುವ ಬಗೆ

ಪ್ರಶ್ನೆ: ನನ್ನ ಅಮ್ಮನ ತಾಯಿ ಆಕ್ರಾಯ್ಡ್ ಮನೆತನದವರು. ಅಜ್ಜಿಯ ಅಜ್ಜ ಇಂಗ್ಲೆಂಡಿನಿಂದ ಸೈನಿಕರಾಗಿ ಬೆಂಗಳೂರು ದಂಡಿಗೆ ಬಂದು, 1868ರ ಸುಮಾರಿಗೆ ಇಲ್ಲೇ ಮದುವೆಯಾಗಿ ನೆಲೆನಿಂತರು. ಮನೆಯಲ್ಲಿ ಗೊತ್ತಿರುವುದು ಇಷ್ಟೇ. ಒಂದು ಜಾಲತಾಣ ಈ ಹೆಸರು ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಸರದಾರನೊಬ್ಬನಿಂದ ಬಂದದ್ದೆಂದು ಹೇಳಿ 'ಆಕ್ರಾಯ್ಡ್ ವಂಶಲಾಂಛನ' ಮಾರುತ್ತಿದೆ. ಇದು ನಿಜವೇ? ನಮ್ಮ ಮೂಲ ಊರನ್ನು ಇಲ್ಲಿಂದಲೇ ಹುಡುಕಬಹುದೇ?

ಉತ್ತರ: ಹುಡುಕಬಹುದು, ಅದೂ ಬಹುಪಾಲು ಮನೆಯಲ್ಲೇ ಕುಳಿತು. ಲಾಂಛನಕ್ಕೆ ಮಾತ್ರ ದುಡ್ಡು ಹಾಕಬೇಡಿ. ಇಂಗ್ಲೆಂಡಿನಲ್ಲಿ ವಂಶಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ. ಅವನ ಗಂಡುಸಂತತಿಗೆ ಅದು ಇಳಿದು ಬರುತ್ತದೆ. ಒಂದು ಅಡ್ಡಹೆಸರಿನವರಿಗೆಲ್ಲ ಸೇರಿದ ಲಾಂಛನ ಎಂಬುದೇ ಇಲ್ಲ. 1484ರಿಂದ ಈ ಕೆಲಸ ನೋಡಿಕೊಳ್ಳುತ್ತಿರುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನ ನಿಲುವೂ ಇದೇ. ನಾರ್ಮನ್ ಸರದಾರನ ಕಥೆಗೂ ಆಧಾರವಿಲ್ಲ. ಆಕ್ರಾಯ್ಡ್ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಅಪ್ಪಟ ಹೆಸರು, ಅದರಲ್ಲಿ ಫ್ರೆಂಚಿನ ಸೋಂಕೂ ಇಲ್ಲ.

ಹೆಸರಿನ ಮೊದಲ ಭಾಗ 'ಆಕ್' ಎಂದರೆ ಓಕ್ ಮರ. ಎರಡನೆಯ ಭಾಗ 'ರಾಯ್ಡ್' ಎಂದರೆ ಕಾಡು ಕಡಿದು ಹಸನು ಮಾಡಿದ ನೆಲ. ಮೂಲದಲ್ಲಿ ಇದು 'ರೋಡ್' ಎಂಬಂತಿತ್ತು, ಈಗಿನ ರಸ್ತೆಯ ರೋಡಿಗೂ ಇದಕ್ಕೂ ನಂಟಿಲ್ಲ. ಪಶ್ಚಿಮ ಯಾರ್ಕ್‌ಶೈರಿನ ಆಡುನುಡಿಯಲ್ಲಿ ಕೆಲವು ಪದಗಳ 'ಓ' ಸ್ವರ 'ಆಯ್' ಆಗುತ್ತದೆ. ಕಲ್ಲಿದ್ದಲಿನ 'ಕೋಲ್' ಅಲ್ಲಿನ ಹಳಬರ ಬಾಯಲ್ಲಿ 'ಕಾಯ್ಲ್', ತೂತಿನ 'ಹೋಲ್' ಅವರಿಗೆ 'ಹಾಯ್ಲ್'. ಅದೇ ದಾರಿಯಲ್ಲಿ ರೋಡ್ 'ರಾಯ್ಡ್' ಆಯಿತು. ಹೋಲ್ರಾಯ್ಡ್, ಬೂತ್ರಾಯ್ಡ್, ಮರ್ಗಟ್ರಾಯ್ಡ್ ಎಲ್ಲ ಇದೇ ಸೀಮೆಯ ಹೆಸರುಗಳು. ಹ್ಯಾಲಿಫ್ಯಾಕ್ಸ್ ಪಟ್ಟಣದ ಸುತ್ತಿನ ಕಾಲ್ಡರ್ ನದಿಯ ಕಣಿವೆಯಲ್ಲಿ, ಗುಡ್ಡದ ಓರೆಯಲ್ಲಿ ಕಾಡು ಕಡಿದು ಒಂದೊಂದೇ ಹೊಲ ಮಾಡಿಕೊಂಡವರ ಗುರುತು ಅವುಗಳಲ್ಲಿದೆ. ಆಕ್ರಾಯ್ಡ್ ಹೆಸರಿನ ಜಾಗವೂ ಆ ಕಣಿವೆಯ ಮೇಲ್ಭಾಗದಲ್ಲಿ, ಹೆಪ್ಟನ್‌ಸ್ಟಾಲ್ ಕಡೆ ಇದೆ. ಊರ ಹೆಸರು ಅಡ್ಡಹೆಸರಾಗುವುದು ನಮಗೆ ಹೊಸದಲ್ಲ. ಸವಣೂರಿನಲ್ಲೇ ಇರುವವನನ್ನು ಯಾರೂ 'ಸವಣೂರ' ಎಂದು ಕರೆಯುವುದಿಲ್ಲ, ಊರು ಬಿಟ್ಟು ಬಂದವನಿಗೇ ಆ ಹೆಸರು ಅಂಟುವುದು. ಅಲ್ಲೂ ಎಷ್ಟೋ ಸಲ ಹಾಗೇ ಆಗಿದೆ.

ಇಷ್ಟರಿಂದ ನಿಮಗೆ ಸೀಮೆ ಸಿಕ್ಕಿತು, ನಿಮ್ಮ ಪೂರ್ವಜ ಸಿಗಲಿಲ್ಲ. ಹೆಸರು ಹುಟ್ಟಿದ್ದು 13-14ನೇ ಶತಮಾನದಲ್ಲಿ, ನಿಮ್ಮ ಸೈನಿಕ ಹುಟ್ಟಿದ್ದು 1840ರ ಆಸುಪಾಸಿನಲ್ಲಿ. ನಡುವಿನ ಐನೂರು ವರ್ಷಗಳಲ್ಲಿ ಆ ಕುಟುಂಬ ಲ್ಯಾಂಕಾಶೈರಿಗೋ ಲಂಡನ್ನಿಗೋ ಹೋಗಿರಬಹುದು. ಆದ್ದರಿಂದ ಇಂಗ್ಲೆಂಡಿನ ಆಕ್ರಾಯ್ಡ್‌ಗಳಿಂದ ಶುರುಮಾಡಿ ಇತ್ತ ಬರಬೇಡಿ. ನಿಮ್ಮಿಂದ ಶುರುಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಈ ವಿದ್ಯೆಯಲ್ಲಿ ಹಾಳಾದ ವಂಶವೃಕ್ಷಗಳ ಪೈಕಿ ಹೆಚ್ಚಿನವು ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ಹಾಳಾದವು.

ಮೊದಲ ಕೆಲಸ ಬೆಂಗಳೂರಿನದು. ಅಜ್ಜಿಯ ದೀಕ್ಷಾಸ್ನಾನದ ಪತ್ರ, ಅವರ ತಂದೆತಾಯಿಯ ಮದುವೆಯ ಪತ್ರ, ಮನೆಯ ಹಳೆಯ ಬೈಬಲಿನ ಮೊದಲ ಹಾಳೆಗಳು, ಹೊಸೂರು ರಸ್ತೆಯ ಸ್ಮಶಾನದ ಗೋರಿಕಲ್ಲುಗಳು, ಇವನ್ನೆಲ್ಲ ಫೋಟೊ ತೆಗೆದಿಟ್ಟುಕೊಳ್ಳಿ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಯನ್ನು ಪ್ರಾಂತ್ಯದ ಮೂಲಕ ಲಂಡನ್ನಿಗೆ ಕಳಿಸಬೇಕಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ: ಬಂಗಾಳದ್ದು ಎನ್/1, ಮದರಾಸಿನದು ಎನ್/2, ಬೊಂಬಾಯಿಯದು ಎನ್/3. ಮೈಸೂರು ಸಂಸ್ಥಾನದ ನಡುವೆ ಇದ್ದರೂ ಬೆಂಗಳೂರು ದಂಡು ಚರ್ಚಿನ ಲೆಕ್ಕದಲ್ಲಿ ಮದರಾಸಿಗೆ ಸೇರಿತ್ತು. ಹಾಗಾಗಿ ಎನ್/2 ನೋಡಿ. 'ಮೈಸೂರು' ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ಕೈಬಿಟ್ಟವರು ಬಹಳ ಮಂದಿ. ಈ ದಾಖಲೆಗಳ ಚಿತ್ರಗಳು ಫೈಂಡ್‌ಮೈಪಾಸ್ಟ್ ತಾಣದಲ್ಲಿವೆ, ಅದಕ್ಕೆ ಚಂದಾ ಕಟ್ಟಬೇಕು. ಸೂಚಿಗಳನ್ನು, ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಸಂಸ್ಥೆಯ ತಾಣದಲ್ಲೂ ಫ್ಯಾಮಿಲಿಸರ್ಚ್‌ನಲ್ಲೂ ಪುಕ್ಕಟೆಯಾಗಿ ಹುಡುಕಬಹುದು. ಸೂಚಿಯಲ್ಲಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಮೂಲ ಹಾಳೆಯ ಚಿತ್ರ ನೋಡಲೇಬೇಕು. ಸೂಚಿಯಲ್ಲಿ ಹೆಸರು, ವರ್ಷ, ಊರು ಮಾತ್ರ ಇರುತ್ತವೆ. ಹಾಳೆಯಲ್ಲಿ ಗಂಡಿನ ವಯಸ್ಸು, ಪಡೆಯ ಹೆಸರು, ಹುದ್ದೆ, ಸಾಮಾನ್ಯವಾಗಿ ತಂದೆಯ ಹೆಸರೂ ಇರುತ್ತವೆ. ನಿಮ್ಮ ಇಡೀ ಹುಡುಕಾಟ ನಿಂತಿರುವುದು ಆ ಎರಡರ ಮೇಲೆ: ಪಡೆಯ ಹೆಸರು, ತಂದೆಯ ಹೆಸರು.

ಮದುವೆ ಸೇಂಟ್ ಮಾರ್ಕ್ಸ್ ಅಥವಾ ಹೋಲಿ ಟ್ರಿನಿಟಿಯಲ್ಲಿ ಆಗಿದ್ದರೆ ಎನ್/2ರಲ್ಲಿ ಸಿಗುವ ಸಂಭವ ಹೆಚ್ಚು. ವಧು ಕ್ಯಾಥೋಲಿಕ್ ಆಗಿದ್ದು ಮದುವೆ ಸೇಂಟ್ ಪ್ಯಾಟ್ರಿಕ್ಸ್‌ನಲ್ಲಿ ನಡೆದಿದ್ದರೆ ಪ್ರತಿ ಲಂಡನ್ ತಲುಪದೇ ಇರಬಹುದು. ಆಗ ಚರ್ಚಿನ ಕಚೇರಿಗೇ ಹೋಗಿ ರಿಜಿಸ್ಟರು ಕೇಳಬೇಕು. ಮದುವೆಯೇ ಸಿಗದಿದ್ದರೆ ಮಕ್ಕಳ ದೀಕ್ಷಾಸ್ನಾನಗಳನ್ನು ಹಿಡಿಯಿರಿ. ತಂದೆಯ ಹುದ್ದೆ ಅಲ್ಲಿಯೂ ಬರೆದಿರುತ್ತದೆ. ಮೊದಲ ಮಗುವಿನ ಹೊತ್ತಿಗೆ 'ಪ್ರೈವೇಟ್' (ಸಾಮಾನ್ಯ ಸಿಪಾಯಿ) ಎಂದಿದ್ದವನು ಮೂರನೆಯದರ ಹೊತ್ತಿಗೆ 'ರೈಲ್ವೆ ಗಾರ್ಡ್' ಆಗಿದ್ದರೆ ಸೈನ್ಯ ಬಿಟ್ಟ ಕಾಲ ಅಂದಾಜಾಗುತ್ತದೆ. ಜೋಲಾರಪೇಟೆಯಿಂದ ದಂಡಿಗೆ 1864ರಲ್ಲೇ ರೈಲು ಬಂದಿತ್ತು. ಬಿಡುಗಡೆಯಾದ ಸೈನಿಕರಿಗೆ ಅದು ಸಹಜವಾದ ದಾರಿ.

ಪಡೆ ತಿಳಿದ ಮೇಲೆ ಸೈನ್ಯದ ಕಾಗದಗಳು. ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ದಾಖಲೆಯಾಗಾರದಲ್ಲಿ ಡಬ್ಲ್ಯೂಒ 97 ಎಂಬ ಸರಣಿ ಇದೆ. 1760ರಿಂದ 1913ರವರೆಗಿನ ಬಿಡುಗಡೆ ಪತ್ರಗಳು ಅದರಲ್ಲಿವೆ, ಚಿತ್ರಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ), ಹತ್ತಿರದ ಪಟ್ಟಣ, ಸೇರುವಾಗಿನ ವಯಸ್ಸು, ಸೇರುವ ಮುಂಚಿನ ಕಸುಬು, ಮೈಬಣ್ಣ, ಎತ್ತರ, ಎಲ್ಲ ಅಲ್ಲಿ ಬರೆದಿರುತ್ತದೆ. ಕಸುಬಿನ ಜಾಗದಲ್ಲಿ 'ನೇಕಾರ' ಅಥವಾ 'ಉಣ್ಣೆ ಹಿಕ್ಕುವವ' ಎಂದಿದ್ದರೆ ಹ್ಯಾಲಿಫ್ಯಾಕ್ಸ್ ಕಡೆಗೇ ಬೆರಳು. ಆದರೆ 1883ಕ್ಕಿಂತ ಮುಂಚೆ ಇಲ್ಲಿ ಉಳಿದಿರುವುದು ಬಹುಮಟ್ಟಿಗೆ ಪಿಂಚಣಿ ಪಡೆದವರ ಕಾಗದ. ಸೇವೆಯಲ್ಲಿದ್ದಾಗಲೇ ತೀರಿಕೊಂಡವರದ್ದು, ಹಣ ಕಟ್ಟಿ ಬಿಡಿಸಿಕೊಂಡವರದ್ದು ಸಾಮಾನ್ಯವಾಗಿ ಇರುವುದಿಲ್ಲ. ಅಂಥವರಿಗೆ ಮಸ್ಟರ್ ರೋಲ್, ಅಂದರೆ ಡಬ್ಲ್ಯೂಒ 12 ಮತ್ತು 16ರ ಹಾಜರಿ-ಸಂಬಳದ ಪಟ್ಟಿಗಳನ್ನು ನೋಡಬೇಕು. ಅವನು ಪಡೆ ಬಿಟ್ಟ ಅಥವಾ ಸತ್ತ ತ್ರೈಮಾಸಿಕದ ಪಟ್ಟಿಯ ಕೊನೆಯ ಹಾಳೆಗಳಲ್ಲಿ ಹುಟ್ಟೂರು, ಕಸುಬು ಬರೆಯುವ ಪದ್ಧತಿ ಆ ಕಾಲದಲ್ಲಿತ್ತು. ಇದಕ್ಕೆ ಕ್ಯೂಗೆ ಹೋಗಬೇಕು, ಇಲ್ಲವೇ ಅಲ್ಲಿನ ಸಂಶೋಧಕರೊಬ್ಬರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ನೋಡಿಸಬೇಕು. ಪಡೆಯ ಹೆಸರು, ವರ್ಷ ನಿಖರವಾಗಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಇಲ್ಲದಿದ್ದರೆ ಹಣ ನೀರಿನಂತೆ ಹರಿಯುತ್ತದೆ.

ಇನ್ನೊಂದು ಸಂಗತಿ. ಅವರು 1858ಕ್ಕೆ ಮುಂಚೆಯೇ ಬಂದು ಕಂಪನಿ ಸರ್ಕಾರದ ಯುರೋಪಿಯನ್ ಪಡೆ ಸೇರಿದ್ದರೆ ಸೇರ್ಪಡೆಯ ಕಾಗದ ಕ್ಯೂನಲ್ಲಿರುವುದಿಲ್ಲ, ಬ್ರಿಟಿಷ್ ಲೈಬ್ರರಿಯ ಎಲ್/ಎಂಐಎಲ್ ಸರಣಿಯಲ್ಲಿರುತ್ತದೆ. ಕಂಪನಿಯ ಮದರಾಸು ಯುರೋಪಿಯನ್ ಪಡೆಗಳೇ ಮುಂದೆ ರಾಣಿಯ ಸೈನ್ಯದ 102, 105, 108ನೇ ಕಾಲಾಳು ಪಡೆಗಳಾದವು. ಮದುವೆಯ ಹಾಳೆಯಲ್ಲಿ ಈ ಮೂರರಲ್ಲಿ ಒಂದು ಸಂಖ್ಯೆ ಕಂಡರೆ ಎರಡೂ ಕಡೆ ನೋಡಿ.

ಸೈನ್ಯದ ಕಾಗದದ ವಯಸ್ಸನ್ನು ಅಕ್ಷರಶಃ ನಂಬಬೇಡಿ. ಹದಿನಾರರ ಹುಡುಗ ಹದಿನೆಂಟು ಎಂದು ಹೇಳಿ ಸೇರಿದ್ದುಂಟು. ಸುಳ್ಳು ಹೆಸರಿನಲ್ಲಿ ಸೇರಿದವರೂ ಇದ್ದಾರೆ. ಹುಟ್ಟಿದ ವರ್ಷಕ್ಕೆ ಹಿಂದೆ ಮುಂದೆ ಮೂರು ವರ್ಷ ಬಿಟ್ಟುಕೊಂಡು ಹುಡುಕಿ.

ಈಗ ಇಂಗ್ಲೆಂಡ್. ಅಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಇದರ ಮುಖ್ಯ ಕಚೇರಿ ಜಿಆರ್‌ಒ. ಅದರ ತಾಣದಲ್ಲಿ ಖಾತೆ ತೆರೆದರೆ ಜನನ, ಮರಣಗಳ ಸೂಚಿಯನ್ನು ಪುಕ್ಕಟೆ ನೋಡಬಹುದು. ಜನನದ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರು 1837ರಿಂದಲೇ ಇದೆ. ಇನ್ನೊಂದು ಪುಕ್ಕಟೆ ಸೂಚಿಯಾದ ಫ್ರೀಬಿಎಂಡಿಯಲ್ಲಿ ಅದು 1911ರಿಂದ ಈಚೆಗಷ್ಟೇ ಸಿಗುತ್ತದೆ. ಈ ಒಂದು ವ್ಯತ್ಯಾಸ ಎಷ್ಟೋ ಗೊಂದಲ ಬಿಡಿಸುತ್ತದೆ. ಸೂಚಿಯಲ್ಲಿ ವರ್ಷ, ತ್ರೈಮಾಸಿಕ, ಜಿಲ್ಲೆ, ಸಂಪುಟ, ಪುಟ ಇರುತ್ತವೆ. ಹ್ಯಾಲಿಫ್ಯಾಕ್ಸಿನ ಸಂಪುಟ 1851ರವರೆಗೆ 22, 1852ರಿಂದ 9ಎ. ತ್ರೈಮಾಸಿಕವೆಂದರೆ ನೋಂದಣಿಯಾದ ತ್ರೈಮಾಸಿಕ, ಹುಟ್ಟಿದ್ದಲ್ಲ. ನೋಂದಿಸಲು 42 ದಿನ ಅವಕಾಶವಿದ್ದುದರಿಂದ ಡಿಸೆಂಬರಿನ ಮಗು ಮುಂದಿನ ವರ್ಷದ ಮಾರ್ಚ್ ಪಟ್ಟಿಯಲ್ಲಿ ಕಾಣಬಹುದು. ಹೆಪ್ಟನ್‌ಸ್ಟಾಲ್, ವಾಡ್ಸ್‌ವರ್ತ್ ಕಡೆಯ ಜನನಗಳು ಹ್ಯಾಲಿಫ್ಯಾಕ್ಸ್ ಜಿಲ್ಲೆಯಡಿ ಸಿಗುವುದಿಲ್ಲ, ಟಾಡ್‌ಮರ್ಡನ್ ಜಿಲ್ಲೆಯಡಿ ಸಿಗುತ್ತವೆ. ನಿಮ್ಮ ಹೆಸರಿನ ತೌರೇ ಅಲ್ಲಿರುವುದರಿಂದ ಇದನ್ನು ಮರೆಯಬೇಡಿ. ಜೊತೆಗೆ, ನೋಂದಿಸದಿದ್ದರೆ ತಂದೆತಾಯಿಗೆ ದಂಡ ಎಂಬ ಕಟ್ಟುನಿಟ್ಟು ಬಂದದ್ದು 1875ರಿಂದ. ಅದಕ್ಕೆ ಮುಂಚಿನ ಕೆಲವು ಮಕ್ಕಳು ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಜನನ ಸಿಗದಿದ್ದರೆ ದೀಕ್ಷಾಸ್ನಾನ ನೋಡಬೇಕು.

2024ರ ದರದಲ್ಲಿ ಕಾಗದದ ಪ್ರಮಾಣಪತ್ರಕ್ಕೆ 12.50 ಪೌಂಡ್, ಪಿಡಿಎಫ್ ಪ್ರತಿಗೆ 8, ಹಳೆಯ ಜನನ-ಮರಣಗಳ ತಕ್ಷಣದ ಚಿತ್ರಕ್ಕೆ 3. ಮಾಹಿತಿ ಮೂರರಲ್ಲೂ ಒಂದೇ, 3 ಪೌಂಡಿನದೇ ಸಾಕು. ಮದುವೆಗೆ ಪಿಡಿಎಫ್ ಇಲ್ಲ, ಚಿತ್ರವೂ ಇಲ್ಲ. ಆದರೆ ಪಶ್ಚಿಮ ಯಾರ್ಕ್‌ಶೈರಿನ ಆಂಗ್ಲಿಕನ್ ಚರ್ಚುಗಳ (ಇಂಗ್ಲೆಂಡಿನ ಅಧಿಕೃತ ಪಂಥದ ಚರ್ಚುಗಳ) ಮದುವೆಯ ಹಾಳೆಗಳು ಆನ್ಸೆಸ್ಟ್ರಿ ತಾಣದಲ್ಲಿ ಚಿತ್ರಸಮೇತ ಇವೆ. ಒಂದು ತಿಂಗಳ ಚಂದಾ ಕಟ್ಟಿ ಎಲ್ಲ ಮದುವೆಗಳನ್ನೂ ಒಟ್ಟಿಗೆ ಇಳಿಸಿಕೊಳ್ಳುವುದು ಅಗ್ಗ.

ಇಲ್ಲಿ ಬರುವ ನಿಜವಾದ ಕಷ್ಟ ಬೇರೆ. ಹ್ಯಾಲಿಫ್ಯಾಕ್ಸಿನಲ್ಲಿ ಜಾನ್ ಆಕ್ರಾಯ್ಡ್, ವಿಲಿಯಂ ಆಕ್ರಾಯ್ಡ್ ಒಬ್ಬಿಬ್ಬರಲ್ಲ. ಒಂದೇ ವರ್ಷ ಒಂದೇ ಹೆಸರಿನ ಮೂರು ಮಕ್ಕಳು ಸಿಕ್ಕರೆ ಯಾವುದು ನಿಮ್ಮದು? ಇಷ್ಟವಾದದ್ದನ್ನು ಆರಿಸುವಂತಿಲ್ಲ, ಉಳಿದವರನ್ನು ಪುರಾವೆಯಿಂದ ಹೊರಹಾಕಬೇಕು. ಮೊದಲು ಮರಣ ಸೂಚಿ ನೋಡಿ. ಆ ಕಾಲದಲ್ಲಿ ಶಿಶುಮರಣ ಬಹಳ, ಮೂವರಲ್ಲಿ ಒಬ್ಬ ಎರಡು ವರ್ಷದೊಳಗೆ ತೀರಿಕೊಂಡಿರಬಹುದು. ಆಮೇಲೆ 1871ರ ಜನಗಣತಿ ನೋಡಿ. ನಿಮ್ಮವರು ಆಗ ಭಾರತದಲ್ಲಿದ್ದರೆ, ಏಪ್ರಿಲ್ 2ರ ರಾತ್ರಿ ಹ್ಯಾಲಿಫ್ಯಾಕ್ಸಿನ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಮಲಗಿದ್ದ ಜಾನ್ ನಿಮ್ಮವರಲ್ಲ. ಉಳಿದವನ ತಂದೆಯ ಹೆಸರು ಬೆಂಗಳೂರಿನ ಮದುವೆಯ ಹಾಳೆಯ ತಂದೆಯ ಹೆಸರಿಗೆ ಹೊಂದಬೇಕು, ಬಾಲ್ಯದ ಕಸುಬು ಸೈನ್ಯದ ಕಾಗದದ ಕಸುಬಿಗೆ ಹೊಂದಬೇಕು. ಮೂರು ಸ್ವತಂತ್ರ ದಾಖಲೆಗಳು ಒಬ್ಬನನ್ನೇ ತೋರಿಸಿದರೆ ಹೆಸರನ್ನು ಶಾಯಿಯಲ್ಲಿ ಬರೆಯಿರಿ. ಅಲ್ಲಿಯವರೆಗೆ ಪೆನ್ಸಿಲ್ಲೇ ಇರಲಿ.

ಜನಗಣತಿಗಳ ಪೈಕಿ 1841ರದ್ದು ಬಡವಾದದ್ದು: ಹದಿನೈದು ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, ನಂಟು ಬರೆದಿಲ್ಲ. 39ರವನು ಅಲ್ಲಿ 35ರವನಾಗುತ್ತಾನೆ. 1851ರಿಂದ ಮನೆಯ ಯಜಮಾನನಿಗೆ ಏನಾಗಬೇಕು, ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದ್ದು ಎಂಬುದೂ ಇದೆ. 1840ರ ಸುಮಾರಿಗೆ ಹುಟ್ಟಿದ ಹುಡುಗನ ತಂದೆ, ಕೆಲವೊಮ್ಮೆ ಅಜ್ಜ ಕೂಡ ಆ ಹಾಳೆಯಲ್ಲಿ ಸಿಗುತ್ತಾರೆ, ಅವರ ಹುಟ್ಟೂರಿನ ಸಮೇತ. ಅಲ್ಲಿಗೆ ನೀವು 1780ರ ಸಮೀಪ ಬಂದಿರುತ್ತೀರಿ.

ಹುಡುಕುವಾಗ ಹೆಸರಿನ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಈ ಹೆಸರನ್ನು ಎ-ಸಿ-ಕೆ, ಬರಿಯ ಎ-ಕೆ, ಎ-ವೈ-ಕೆ ಎಂದು ಮೂರು ಬಗೆಯಲ್ಲಿ ಶುರುಮಾಡುತ್ತಾರೆ. 'ಎಕ್ರಾಯ್ಡ್' ಎಂಬ ರೂಪವೂ ಇದೆ. ಅಣ್ಣನದ್ದು ಒಂದು, ತಮ್ಮನದ್ದು ಇನ್ನೊಂದು ಆಗಿದ್ದರೆ ಅದು ಬೇರೆ ಕುಟುಂಬದ ಗುರುತಲ್ಲ. ಬರೆದವನು ಪಾದ್ರಿ ಅಥವಾ ಗುಮಾಸ್ತ, ಹೇಳಿದವನಿಗೆ ಅಕ್ಷರವೇ ಬರುತ್ತಿರಲಿಲ್ಲ. ತಾಣಗಳು ಬಳಸುವ ಸೌಂಡೆಕ್ಸ್ ಎಂಬ ಉಚ್ಚಾರ ಸಂಕೇತದಲ್ಲಿ ಮೊದಲ ಮೂರೂ ಎ263 ಎಂದೇ ಬರುತ್ತವೆ, ಒಂದೇ ಹುಡುಕಾಟದಲ್ಲಿ ಸಿಗುತ್ತವೆ. ಆದರೆ ಮೊದಲ ಅಕ್ಷರ ಬದಲಾದರೆ ಸಂಕೇತವೂ ಬದಲಾಗುತ್ತದೆ. ಎಕ್ರಾಯ್ಡ್‌ಗೆ ಇ263, ಯಾರೋ ತಲೆಗೆ ಹಕಾರ ಸೇರಿಸಿ 'ಹ್ಯಾಕ್ರಾಯ್ಡ್' ಎಂದಿದ್ದರೆ ಎಚ್263. ಇವನ್ನು ಬೇರೆಯಾಗಿಯೇ ಹುಡುಕಬೇಕು. 16-17ನೇ ಶತಮಾನದ ಸೆಕ್ರೆಟರಿ ಲಿಪಿಯಲ್ಲಿ 'ಸಿ' ಅಕ್ಷರ ಈಗಿನ 'ಆರ್' ತರಹ ಕಾಣುವುದರಿಂದ ಸೂಚಿಕಾರರು 'ಆರ್ಕ್ರಾಯ್ಡ್' ಎಂದು ಓದಿಬಿಟ್ಟಿರಬಹುದು. ಅದನ್ನೂ ಹಾಕಿ ನೋಡಿ.

1837ಕ್ಕೆ ಹಿಂದಿನದು ಪ್ಯಾರಿಷ್ ರಿಜಿಸ್ಟರುಗಳ ಲೋಕ. ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಿಂದ ಅವು ಶುರುವಾದವು. ಹ್ಯಾಲಿಫ್ಯಾಕ್ಸಿನಲ್ಲಿ ಆ ಮೊದಲ ವರ್ಷದಿಂದಲೇ ಉಳಿದಿವೆ, ಇದು ದೊಡ್ಡ ಭಾಗ್ಯ. ಆದರೆ ಹ್ಯಾಲಿಫ್ಯಾಕ್ಸ್ ಇಂಗ್ಲೆಂಡಿನ ಅತಿ ದೊಡ್ಡ ಪ್ಯಾರಿಷ್‌ಗಳಲ್ಲಿ ಒಂದು, ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಪಾಲುಗಳಿದ್ದವು. ಎಲ್ಯಾಂಡ್, ಹೆಪ್ಟನ್‌ಸ್ಟಾಲ್ ಚಾಪೆಲ್‌ಗಳಿಗೆ, ಅಂದರೆ ಉಪಚರ್ಚುಗಳಿಗೆ, ಸ್ವಂತ ರಿಜಿಸ್ಟರುಗಳಿವೆ. ಮುಖ್ಯ ಚರ್ಚಿನಲ್ಲಿ ಇಲ್ಲವೆಂದರೆ ಇಲ್ಲವೇ ಇಲ್ಲ ಎಂದಲ್ಲ. ಹಳೆಯ ನಕಾಶೆಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಂದನ್ನು ತೆರೆದಿಟ್ಟುಕೊಂಡು ಪ್ರತಿ ದೀಕ್ಷಾಸ್ನಾನದಲ್ಲಿ ಬರೆದ ಹಳ್ಳಿಯನ್ನು ಗುರುತು ಹಾಕುತ್ತ ಹೋಗಿ. ಗುಡ್ಡದ ಆಚೆ ಬದಿಯ ಜಾನ್ ಯಾರು, ಈಚೆಯವನು ಯಾರು ಎಂಬುದು ಕಣ್ಣಿಗೇ ಕಾಣತೊಡಗುತ್ತದೆ.

ಹಿಂದೆ ಹೋದಂತೆ ದಾಖಲೆ ತೆಳುವಾಗುತ್ತದೆ. 1813ರಿಂದ ಈಚೆ ಅಚ್ಚಾದ ನಮೂನೆ, ತಂದೆಯ ಕಸುಬೂ ಸಿಗುತ್ತದೆ. 1754ರಿಂದ ಮದುವೆಗೆ ಸಹಿ, ಸಾಕ್ಷಿಗಳು. ಅದಕ್ಕೂ ಹಿಂದೆ ಬರೀ ಒಂದು ಸಾಲು, ಎಷ್ಟೋ ಕಡೆ ತಾಯಿಯ ಹೆಸರೂ ಇಲ್ಲ. 1777ರ ನಂತರ ಯಾರ್ಕ್ ಧರ್ಮಪ್ರಾಂತ್ಯದ ಕೆಲವು ಚರ್ಚುಗಳು ಡೇಡ್ ರಿಜಿಸ್ಟರು ಎಂಬ ವಿವರವಾದ ಪದ್ಧತಿ ಹಿಡಿದವು, ಮಗುವಿನ ಅಜ್ಜ ಅಜ್ಜಿಯರ ಹೆಸರನ್ನೂ ಬರೆದವು. ಜನ ಹೆಚ್ಚಿದ್ದ ದೊಡ್ಡ ಪ್ಯಾರಿಷ್‌ಗಳಿಗೆ ಇದು ಹೊರೆಯಾಯಿತು. ಆದರೂ ನಿಮ್ಮ ಕುಟುಂಬ ಸಣ್ಣ ಪ್ಯಾರಿಷ್ ಒಂದರಲ್ಲಿದ್ದರೆ ಮೂರು ತಲೆಮಾರು ಒಂದೇ ಸಾಲಿನಲ್ಲಿ ಸಿಕ್ಕೀತು. 1653ರಿಂದ 1660ರವರೆಗಿನ ದಾಖಲೆಗಳಲ್ಲಿ ತೂತುಗಳಿವೆ. 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ರಿಜಿಸ್ಟರಿನಲ್ಲಿ 1720ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1721. ಇದು ತಿಳಿಯದೆ, ಮದುವೆಗೆ ಮುಂಚೆಯೇ ಮಗು ಹುಟ್ಟಿತೆಂದು ಬರೆದುಕೊಂಡ ವಂಶವೃಕ್ಷಗಳು ಬೇಕಾದಷ್ಟಿವೆ.

ಕಾಲ್ಡರ್ ಕಣಿವೆಯಲ್ಲಿ ಆಂಗ್ಲಿಕನ್ ಚರ್ಚಿನಿಂದ ಹೊರಗಿನ ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಇಂಡಿಪೆಂಡೆಂಟ್ ಪಂಥಗಳಿಗೆ ಬಲ ಹೆಚ್ಚು. ಅವುಗಳ 1837ಕ್ಕೆ ಹಿಂದಿನ ರಿಜಿಸ್ಟರುಗಳು ಕ್ಯೂನಲ್ಲಿ ಆರ್‌ಜಿ 4 ಎಂಬ ಸರಣಿಯಲ್ಲಿವೆ. ಆಂಗ್ಲಿಕನ್ ಚರ್ಚಿನಲ್ಲಿ ಮದುವೆ ಸಿಕ್ಕಿ ಮಕ್ಕಳು ಸಿಗದಿದ್ದರೆ ಇದೇ ಕಾರಣವಿರಬಹುದು: 1754ರಿಂದ 1837ರವರೆಗೆ ಕ್ವೇಕರರು, ಯಹೂದಿಗಳನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು, ದೀಕ್ಷಾಸ್ನಾನ ಮಾತ್ರ ತಮ್ಮ ಚಾಪೆಲ್‌ನಲ್ಲಿ ಮಾಡಿಸುತ್ತಿದ್ದರು.

ರಿಜಿಸ್ಟರು ಯಾರು ಯಾರ ಮಗ ಎನ್ನುತ್ತದೆ, ಉಯಿಲು ಅದನ್ನು ಖಚಿತ ಮಾಡುತ್ತದೆ. 1858ಕ್ಕೆ ಮುಂಚಿನ ಹ್ಯಾಲಿಫ್ಯಾಕ್ಸ್ ಉಯಿಲುಗಳು ಹೆಚ್ಚಾಗಿ ಯಾರ್ಕ್ ವಿಶ್ವವಿದ್ಯಾಲಯದ ಬೋರ್ತ್‌ವಿಕ್ ಸಂಸ್ಥೆಯಲ್ಲಿ ಪಾಂಟಿಫ್ರಾಕ್ಟ್ ಡೀನರಿ ಎಂಬ ಚರ್ಚು ಆಡಳಿತ ವಿಭಾಗದ ಹೆಸರಿನಡಿ ಇವೆ. ಅಲ್ಲಿನ ಉಣ್ಣೆ ನೇಯುವ ಸಣ್ಣ ರೈತರು ಒಂದೆರಡು ಮಗ್ಗ ಇದ್ದರೂ ಉಯಿಲು ಬರೆಯುತ್ತಿದ್ದರು. ಬಡವರೆಂದು ಮೊದಲೇ ತೀರ್ಮಾನಿಸಿ ಬಿಟ್ಟುಬಿಡಬೇಡಿ. ಮಗಳಿಗೆ ಬಿಟ್ಟ ಒಂದು ಹಾಸಿಗೆಯ ಸಾಲು ಅವಳ ಗಂಡನ ಹೆಸರನ್ನು ಹೇಳುತ್ತದೆ.

ರಿಜಿಸ್ಟರುಗಳು ಮುಗಿಯುವ 1538ರಲ್ಲಿ ಬಹಳಷ್ಟು ಕುಟುಂಬಗಳ ದಾರಿ ಕೊನೆಯಾಗುತ್ತದೆ. ನಿಮ್ಮದು ಆಗದೇ ಇರಬಹುದು. ಹ್ಯಾಲಿಫ್ಯಾಕ್ಸ್ ಕಡೆಯ ಬಹುಭಾಗ ವೇಕ್‌ಫೀಲ್ಡ್ ಮ್ಯಾನರ್ ಎಂಬ ಜಹಗೀರಿಗೆ ಸೇರಿತ್ತು. ಅದರ ನ್ಯಾಯಸಭೆಯ ಸುರುಳಿಗಳು 1274ರಿಂದ 1925ರವರೆಗೆ ಉಳಿದಿವೆ. ಹೊಲ ಕೈಬದಲಾದಾಗಲೆಲ್ಲ ಜಹಗೀರುದಾರನ ಸಭೆಯಲ್ಲಿ ದಾಖಲಿಸಬೇಕಿತ್ತು, ತಂದೆ ಸತ್ತು ಮಗನಿಗೆ ಬಂದದ್ದೂ ಅಲ್ಲಿದೆ. 1733ರವರೆಗೆ ಭಾಷೆ ಲ್ಯಾಟಿನ್, ಆದರೆ ಹಲವು ಸಂಪುಟಗಳು ಇಂಗ್ಲಿಷ್ ಅನುವಾದದಲ್ಲಿ ಅಚ್ಚಾಗಿವೆ. 1379ರ ತಲೆಗಂದಾಯದ ಪಟ್ಟಿಗಳೂ ಆ ಸೀಮೆಯಲ್ಲಿ ಚೆನ್ನಾಗಿ ಉಳಿದಿವೆ. ಹದಿನಾರು ಮೀರಿದವರು ಕನಿಷ್ಠ 4 ಪೆನ್ಸ್ ಕಟ್ಟಬೇಕಿತ್ತು, ಗಂಡ ಹೆಂಡತಿ ಸೇರಿ ಒಂದೇ ಲೆಕ್ಕ. ಆ ಪಟ್ಟಿಯಲ್ಲಿ ಒಬ್ಬ 'ಇಂಥ ಊರಿನ ಜಾನ್' ಆದರೆ ಪಕ್ಕದವನು 'ವಿಲಿಯಂನ ಮಗ ಜಾನ್' ಅಷ್ಟೇ. ಅಡ್ಡಹೆಸರು ಇನ್ನೂ ಎಲ್ಲರಿಗೂ ಗಟ್ಟಿಯಾಗಿರಲಿಲ್ಲ. ಅಲ್ಲಿ ಆಕ್ರಾಯ್ಡ್ ಸಿಕ್ಕರೆ ಹೆಸರಿನ ತೊಟ್ಟಿಲ ಹತ್ತಿರ ಬಂದಿರಿ ಎಂದರ್ಥ. ಅವನು ನಿಮ್ಮ ಪೂರ್ವಜ ಎನ್ನಲು ನಡುವಿನ ಕೊಂಡಿಗಳೆಲ್ಲ ಬೇಕು.

ಡಿಎನ್ಎ ಪರೀಕ್ಷೆ ಇಲ್ಲಿ ನೆರವಾಗಬಹುದು, ಆದರೆ ನಿಮ್ಮದಲ್ಲ. ಅಡ್ಡಹೆಸರಿನಂತೆ ತಂದೆಯಿಂದ ಮಗನಿಗೆ ಹರಿಯುವುದು ವೈ ಕ್ರೋಮೊಸೋಮ್. ನಿಮಗೆ ಆ ಹೆಸರು ಅಜ್ಜಿಯ ಮೂಲಕ ಬಂದಿದೆ. ಅಜ್ಜಿಯ ಅಣ್ಣತಮ್ಮಂದಿರ ಮಗನೋ ಮೊಮ್ಮಗನೋ, ಆಕ್ರಾಯ್ಡ್ ಹೆಸರಿನ ಗಂಡಸು ಯಾರಾದರೂ ಇದ್ದರೆ ಅವರನ್ನು ಕೇಳಿ. ಅದೇ ಪಶ್ಚಿಮ ಯಾರ್ಕ್‌ಶೈರಿನ ಸೈಕ್ಸ್ ಎಂಬ ಹೆಸರಿನ, ಅಂದರೆ ಸಣ್ಣ ತೊರೆ ಎಂಬ ಅರ್ಥದ ಹೆಸರಿನ ಗಂಡಸರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದವರ ಪೈಕಿ ಅರ್ಧಕ್ಕೆ ಹತ್ತಿರ ಜನರ ವೈ ಗುರುತು ಒಂದೇ ಆಗಿತ್ತು. ಒಬ್ಬನೇ ಮೂಲಪುರುಷನಿಂದ ಹೆಸರು ಹರಡಿರಬಹುದು ಎಂಬುದಕ್ಕೆ ಅದು ಆಧಾರ. ಉಳಿದವರಲ್ಲಿ ದತ್ತು, ಮದುವೆಯಾಚೆಯ ಸಂತಾನ, ತಾಯಿಯ ಹೆಸರು ಹಿಡಿದ ಮಕ್ಕಳು ಶತಮಾನಗಳ ಉದ್ದಕ್ಕೂ ಸೇರಿಕೊಂಡಿರುತ್ತಾರೆ. ಹಾಗಾಗಿ ಗುರುತು ಹೊಂದದಿದ್ದರೆ ನಿಮ್ಮ ದಾಖಲೆ ಸುಳ್ಳೆಂದಲ್ಲ.

ಕೊನೆಗೆ ಒಂದು ಎಚ್ಚರಿಕೆ. ಹ್ಯಾಲಿಫ್ಯಾಕ್ಸ್ ಎಂದ ಕೂಡಲೇ ಎಡ್ವರ್ಡ್ ಆಕ್ರಾಯ್ಡ್ (1810–1887) ಎದುರಾಗುತ್ತಾರೆ. ಉಣ್ಣೆ ಗಿರಣಿಗಳ ಒಡೆಯ, ಕೆಲಸಗಾರರಿಗೆಂದು ಆಕ್ರಾಯ್ಡನ್ ಬಡಾವಣೆ ಕಟ್ಟಿಸಿದವರು, ಅವರ ಬ್ಯಾಂಕ್‌ಫೀಲ್ಡ್ ಮನೆ ಈಗ ವಸ್ತುಸಂಗ್ರಹಾಲಯ. ಬೇರೆಯವರು ತಾಣಗಳಲ್ಲಿ ಏರಿಸಿದ ವಂಶವೃಕ್ಷಗಳು ನಿಮ್ಮ ಸೈನಿಕನನ್ನು ಅವರ ಕೊಂಬೆಗೆ ಕಟ್ಟಿರುವುದು ಕಂಡರೆ, ಪ್ರತಿ ಕೊಂಡಿಗೂ ಯಾವ ರಿಜಿಸ್ಟರಿನ ಯಾವ ಹಾಳೆ ಎಂದು ಕೇಳಿ. ಉತ್ತರವಿಲ್ಲದ ಕೊಂಡಿಯನ್ನು ನಕಲು ಮಾಡಬೇಡಿ. ಈ ವಾರ ಎನ್/2ರ 1865ರಿಂದ 1870ರವರೆಗಿನ ಬೆಂಗಳೂರು ಮದುವೆಗಳನ್ನು ತೆಗೆದು ನೋಡಿ. ಆ ಹಾಳೆ ಸಿಕ್ಕರೆ ಪಡೆಯ ಹೆಸರನ್ನೂ ಸೈನಿಕನ ತಂದೆಯ ಹೆಸರನ್ನೂ ಬರೆದು ಕಳಿಸಿ, ಸೈನ್ಯದ ಯಾವ ಸರಣಿಯಿಂದ ಶುರುಮಾಡಬೇಕೆಂದು ತಿಳಿಸುತ್ತೇವೆ.